ಪರದೆಯ ಹಿಂದೆ ಪುಟ್ಟಕ್ಕನ ದನಿ

1958ರಲ್ಲಿ ನಾನು ಮೈಸೂರಿನ ದೇವರಾಜ ಮೊಹಲ್ಲಾದ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಸರ್ವಿಸ್ ಇನ್ನೂ ಹತ್ತು ವರ್ಷ ತುಂಬಿಲ್ಲ, ಆಗಲೇ ಅನುಭವ ಬರೆಯಲು ಕೂತಿದ್ದೇನೆ, ಹಿರಿಯರು ಕ್ಷಮಿಸಬೇಕು. ಔಷಧ ಬೆರೆಸುವುದು ನನ್ನ ಕೆಲಸ, ಎಲ್ಲರನ್ನೂ ಅಣಕಿಸುವುದು ಚಟ. ಡಾಕ್ಟರಮ್ಮನ ಕೆಮ್ಮು, ಗೇಟಿನ ಕಾವಲುಗಾರನ ಆಕಳಿಕೆ, ಕನ್ನಡಿ ಮುಂದೆ ಕ್ರಾಪು ತೀಡುವ ನನ್ನದೇ ಗತ್ತು, ಯಾವುದನ್ನೂ ಬಿಟ್ಟವನಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಪುಟ್ಟಕ್ಕನ ದನಿ. ಪುಟ್ಟಕ್ಕ ನಮ್ಮ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸುವ ನರ್ಸ್. ಗಂಡ, ಮಕ್ಕಳು ಯಾರೂ ಇರಲಿಲ್ಲ. ಮೊಹಲ್ಲಾದ ಅರ್ಧ ಮಕ್ಕಳು ಮೊದಲು ಕಂಡದ್ದು ಮಾತ್ರ ಅವರ ಮುಖವನ್ನೇ. "ಎದ್ರಬ್ಯಾಡ ಕಣವ್ವ, ಬೇಗ ಮುಗಿಸ್ಬುಡು, ಒಲೆ ಮೇಲೆ ಸಾರಿಟ್ಟು ಬಂದಿವ್ನಿ" ಎಂದು ನೋವು ತಿನ್ನುತ್ತಿದ್ದವರನ್ನೂ ನಗಿಸುತ್ತಿದ್ದರು. ಅವರೆದುರೇ ಅದನ್ನು ಆಡಿ ತೋರಿಸಿದರೆ, "ಅಂಗಾರೆ ನನ್ ಡ್ಯೂಟಿನೂ ನೀನೇ ಮಾಡ್ಲಾ" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಪುಟ್ಟಕ್ಕ ಬೇರೊಂದು ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ತೀರಿಕೊಂಡರು. ಮರುವಾರವೇ ಹೂವಿನಂಗಡಿಯ ಜಯಮ್ಮ ಹೆರಿಗೆಗೆ ಬಂದಳು. ನನ್ನ ವಾರಿಗೆಯವಳು. ಹಿಂದಿನ ಎರಡು ಮಕ್ಕಳೂ ಹುಟ್ಟುವಾಗಲೇ ಹೋಗಿದ್ದವು. ಈ ಸಲ ಜೊತೆಗೇ ಇರುತ್ತೇನೆಂದು ಪುಟ್ಟಕ್ಕ ಮಾತು ಕೊಟ್ಟಿದ್ದರು. ಅವರು ಸತ್ತ ಸುದ್ದಿಯನ್ನು ಮನೆಯವರು ಜಯಮ್ಮನಿಂದ ಮುಚ್ಚಿಟ್ಟಿದ್ದರು.

ಮಧ್ಯಾಹ್ನ ಸೆಕೆಂಡ್ ಸ್ಟೇಜ್ ಶುರುವಾಯಿತು. ತಾಯಿ ಉಸಿರು ಕಟ್ಟಿ ಮುಕ್ಕಿ ಮಗುವನ್ನು ಹೊರತಳ್ಳಬೇಕಾದ ಹಂತ. ಜಯಮ್ಮ, "ಅಕ್ಕ ಬರ್ಲಿ" ಎಂದು ಮುಕ್ಕದೆ ಹಲ್ಲು ಕಚ್ಚಿ ಮಲಗಿಬಿಟ್ಟಳು. ಮಗುವಿನ ಎದೆಬಡಿತ ಇಳಿಯತೊಡಗಿತು. ಇಕ್ಕಳ ಹಾಕಿ ಎಳೆಯೋಣವೆಂದರೆ ಮಗು ಇನ್ನೂ ಮೇಲಿತ್ತು. ದೊಡ್ಡಾಸ್ಪತ್ರೆಗೆ ಸಾಗಿಸಲು ಹೊತ್ತಿರಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು ನನ್ನ ತೋಳು ಹಿಡಿದರು.

"ಬಾಗಿಲ ಪರದೆ ಹಿಂದೆ ನಿಂತ್ಕೊಂಡು ಪುಟ್ಟಕ್ಕನ ಥರ ಮಾತಾಡಪ್ಪ."

"ಮೇಡಂ, ಅವರು ಸತ್ತು..."

"ಗೊತ್ತು ಕಣೋ. ಆ ಮಗೂನೂ ಸಾಯ್ಬೇಕಾ?"

ನಿಂತೆ. "ಎದ್ರಬ್ಯಾಡ ಕಣವ್ವ" ಎಂದೆ. ಪಕ್ಕದಲ್ಲಿದ್ದ ಆಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಜಯಮ್ಮ ಒಮ್ಮೆ ಮುಕ್ಕಿದಳು. ಆಮೇಲೆ, "ಅಲ್ಲೇ ಯಾಕ್ ನಿಂತ್ರಿ ಅಕ್ಕ, ಕೈ ಕೊಡಿ" ಎಂದಳು.

ದನಿಯೇನೋ ನನ್ನಲ್ಲಿತ್ತು, ಕೈ ಎಲ್ಲಿಂದ ತರಲಿ? "ಬಂದೆ ಇರವ್ವ" ಎಂದೆ. ಮತ್ತೆ, "ಕೈ ಕೊಡಿ ಅಕ್ಕ." ನೋವು ಬಂತು, ಹೋಯಿತು, ಅವಳು ಮುಕ್ಕಲಿಲ್ಲ. ಗಂಡಸರು ಹೆರಿಗೆ ಕೋಣೆಗೆ ಕಾಲಿಡುವಂತಿರಲಿಲ್ಲ. ಆದರೂ ಪರದೆ ಸರಿಸಿ, ಅವಳ ತಲೆಯ ಕಡೆಗೆ ಹೋಗಿ ಕೈ ಹಿಡಿದೆ.

"ನೀನ್ಯಾಕ್ ಬಂದೆ? ಅಕ್ಕ ಎಲ್ಲಿ?"

"ತೀರ್ಕೊಂಡ್ಬುಟ್ರು ಕಣಮ್ಮ, ಹೋದ್ ವಾರ. ಮಾತಾಡಿದ್ದು ನಾನೇ."

ಅವಳ ಉಗುರು ನನ್ನ ಅಂಗೈಗೆ ಇಳಿಯಿತು. ಬೀದಿಗೆ ಕೇಳುವಂತೆ ಅತ್ತಳು. "ಅಳು ಆಮೇಲೆ ಕಣಮ್ಮ, ಆ ಉಸಿರು ಹಿಡಿದು ಮುಕ್ಕು" ಎಂದರು ಡಾಕ್ಟರಮ್ಮ. "ಸುಳ್ಳ, ಕಳ್ಳ" ಎಂದು ನನ್ನನ್ನು ಬೈದು ಬೈದು, ಉಸಿರು ಎಳೆದು ಎಳೆದು ಜಯಮ್ಮ ಮುಕ್ಕಿದಳು. ಮಗು ನೀಲಿಗಟ್ಟಿ ಬಂತು. ಡಾಕ್ಟರಮ್ಮ ಬಾಯಿಯ ಲೋಳೆ ತೆಗೆದು ಬೆನ್ನು ಉಜ್ಜುತ್ತಲೇ ಇದ್ದರು. ಇದೂ ಹೋಯಿತು ಎಂದುಕೊಂಡಾಗ ಸಣ್ಣಗೆ ಅತ್ತಿತು.

ಜಯಮ್ಮ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ. "ಅಕ್ಕ ಹೋಗೋವಾಗ ಅವರ ಕೈ ಯಾರು ಹಿಡ್ಕೊಂಡಿದ್ರು?" ಎಂದು ಕೇಳಿದಳು.

ಯಾರೂ ಇರಲಿಲ್ಲ. ನಾವೆಲ್ಲ ಡ್ಯೂಟಿಯಲ್ಲಿದ್ದೆವು. ಹಾಗೆಯೇ ಹೇಳಿದೆ.

ನೋವಿನಲ್ಲಿರುವವರ ಹತ್ತಿರ ಮೊದಲು ಹೋಗಿ ನಿಲ್ಲಬೇಕು, ಮಾತು ಆಮೇಲೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಪುಟ್ಟಕ್ಕ ಅದನ್ನು ದಿನವೂ ನಮ್ಮ ಕಣ್ಣೆದುರೇ ಮಾಡುತ್ತಿದ್ದರು. ಅವರಿಗೆ ನಾವು ಒಂದು ಸಲವೂ ಮಾಡಲಿಲ್ಲ.