ಸವಣೂರಿನ ರೆಹಾನಾ ಮತ್ತು ಔಷಧಿ ಮುರಿಯುವ ಎಂಜೈಮ್

ಹೋದ ತಿಂಗಳು ನನ್ನ ತೋರುಬೆರಳು ಬದನೆಕಾಯಿಯಷ್ಟು ಊದಿತ್ತು. (ಸರಿ, ಬಜ್ಜಿ ಮೆಣಸಿನಕಾಯಿಯಷ್ಟು ಅನ್ನಿ.) ಗುಲಾಬಿ ಮುಳ್ಳು ಚುಚ್ಚಿತ್ತು, ಅಷ್ಟೇ. ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಗುಳಿಗೆ ನಾನೇ ನುಂಗಿದೆ. ಡಾಕ್ಟರಿಕೆ ನಮಗೆ ಬಾರದ್ದೇ?

ನಾಲ್ಕನೇ ದಿನ, ಕೀವು ತುಂಬಿದ ಬೆರಳಿನೊಂದಿಗೆ ಶಿಗ್ಗಾವಿಯಿಂದ ಬಸ್ಸು ಹತ್ತಿ ಸವಣೂರಿಗೆ ಅಲ್ಲಿನ ಹೆಸರಾಂತ ಕುರುಕಲು ತಿಂಡಿ ‘ಖಾರ’ ಕೊಳ್ಳಲು ಹೋದೆ. ಹುಸೇನಸಾಬರ ಅಂಗಡಿಯಲ್ಲಿ ಅವರ ಮಗಳು ರೆಹಾನಾ ಕುಳಿತಿದ್ದಳು. ಧಾರವಾಡದಲ್ಲಿ ರಿಸರ್ಚ್ ಮಾಡುವ ಹುಡುಗಿ, ರಜೆಗೆ ಬಂದಿದ್ದಳು. ಬೆರಳು ನೋಡಿದವಳೇ ಖಾರ ಕಟ್ಟುವುದನ್ನು ನಿಲ್ಲಿಸಿದಳು. ಯಾವ ಗುಳಿಗೆ, ಯಾರು ಬರೆದದ್ದು ಎಂದೆಲ್ಲ ವಿಚಾರಿಸಿ, ತಾನೇ ಎದುರಿನ ದವಾಖಾನೆಗೆ ಕರೆದೊಯ್ದಳು.

ಕೀವಿನ ಟೆಸ್ಟ್ ಆಯಿತು. ನಾನು ನುಂಗಿದ ಗುಳಿಗೆಗೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲವಂತೆ. ಎರಡು ಔಷಧಿ ಕೂಡಿಸಿದ ಬೇರೆ ಗುಳಿಗೆ ಬಂತು. ವಾರದಲ್ಲಿ ಬೆರಳು ಮತ್ತೆ ನನ್ನದಾಯಿತು.

ಅವಳ ರಜೆ ಮುಗಿಯುವ ಮುನ್ನ ಥ್ಯಾಂಕ್ಸ್ ಹೇಳಲು ಹೋದೆ. ಒಂದು ಸಾಲದೆ ಎರಡು ಔಷಧಿ ಯಾಕೆ ಎಂದು ಕೇಳಿದೆ.

“ಬ್ಯಾಕ್ಟೀರಿಯಾ ಒಂದು ಎಂಜೈಮ್ ತಯಾರ್ ಮಾಡ್ತಾವ್ರಿ. ಅದು ಔಷಧಾನ ಮುರದ ಹಾಕ್ತೈತಿ. ಎರಡನೇದು ಹೋಗಿ ಆ ಎಂಜೈಮಿನ ಕೈ ಕಟ್ಟತೈತಿ. ಆಗ ಮೊದಲಿಂದು ತನ್ನ ಕೆಲಸ ಮಾಡ್ತೈತಿ.”

ಆದರೆ ಕೆಲವು ಎಂಜೈಮ್‌ಗಳ ಕೈ ಕಟ್ಟಲು ಈಗಿರುವ ಔಷಧಿಗಳು ಸಾಲವು. ಹೊಸದನ್ನು ಹುಡುಕುವುದೇ ಅವಳ ಕೆಲಸ. ಇದನ್ನೇ ಯಾಕೆ ಆರಿಸಿದೆ ಎಂದೆ. ಉತ್ತರ ಕೊಟ್ಟವರು ಹುಸೇನಸಾಬರು, ಬಲಗೈ ಮುಂದೆ ಚಾಚಿ. ಮಗಳು ಪಿಯುಸಿಯಲ್ಲಿದ್ದಾಗ ಕಾದ ಎಣ್ಣೆ ಸಿಡಿದು ಆ ಕೈ ಸುಟ್ಟಿತ್ತು. ಗಾಯಕ್ಕೆ ಸೋಂಕು ತಗಲಿ, ಔಷಧಿ ಮೇಲೆ ಔಷಧಿ ಸೋತು, ಎರಡು ಬೆರಳು ಹೋದವು. (ಉಳಿದ ಮೂರರಲ್ಲೇ ಅವರು ಖಾರ ಕಲಸುವ ವೇಗ ನೀವು ನೋಡಬೇಕು.)

ರೆಹಾನಾಳ ಹುಡುಕಾಟದಲ್ಲಿ ವರ್ಷಗಟ್ಟಲೆ ಒಂದಾದ ಮೇಲೊಂದು ರಾಸಾಯನಿಕ ಸೋತ ಮೇಲೆ, ರಜೆಗೆ ಹೊರಡುವ ಹಿಂದಿನ ದಿನ ಒಂದು ಗೆದ್ದಿತ್ತು. ಹಳೆಯ ಔಷಧಿಯ ಜೊತೆ ಅದನ್ನು ಹಾಕಿದ ಲ್ಯಾಬಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ. ಅದನ್ನವಳು ಅಪ್ಪನಿಗೂ ಹೇಳಿರಲಿಲ್ಲ. ಈಗ ನನ್ನೆದುರೇ ಹೇಳಿದಳು. ಹುಸೇನಸಾಬರು ಎದ್ದು, ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಬಿಸಿ ಖಾರ ಹಂಚತೊಡಗಿದರು.

“ಅಬ್ಬಾ, ಸ್ವಲ್ಪ ತಡೀರಿ,” ಎಂದು ರೆಹಾನಾ ಅಪ್ಪನನ್ನು ತಡೆದಳು. “ಇನ್ನೂ ಎರಡ ಸಲ ಮಾಡಿ ನೋಡಬೇಕು. ಮೂರೂ ಸಲ ಹಿಂಗ ಬಂದ್ರ ನಂಬತೇನಿ.”

ಕಣ್ಣಾರೆ ಕಂಡ ಗೆಲುವನ್ನೂ ನಂಬಲು ಅವಳಿಗೆ ಅವಸರವಿಲ್ಲ. ನಾವು ಕೊನೆಯ ಸಲ ಯಾವ ಮಾತನ್ನು ಎರಡನೇ ಬಾರಿ ಪರೀಕ್ಷಿಸಿ ನಂಬಿದೆವು?