ಉಪ್ಪುನೀರಿನ ಮೂವತ್ತಾರು ತುಂಡುಗಳು

ಕಿಲುಬು ಹಿಡಿದ ತಾಮ್ರ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕಿ ಹೊಟ್ಟೆ ಹೊರೆದವನು; ಹಸಿರುಗಟ್ಟಿದ ಹಂಡೆಯನ್ನು ಹಾಗೇ ಬಿಡುವುದು ಆ ಮನೆಯಲ್ಲಿ ಮುಖ ತೊಳೆಯದೆ ಬೀದಿಗಿಳಿದಷ್ಟೇ ಅವಮಾನ. ಮಗಳು ಆ ಕಸುಬು ಹಿಡಿಯಲಿಲ್ಲ. ಇಂಜಿನಿಯರಿಂಗ್ ಕಾಲೇಜಿನ ಸಿಮೆಂಟ್ ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿ, ಮೂವತ್ತು ವರ್ಷ ಅಚ್ಚು ತುಂಬಿದಳು, ಮರಳು ಜರಡಿಯಾಡಿದಳು, ತೊಟ್ಟಿ ತೊಳೆದಳು. ಅಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಎರಡು ವರ್ಷ ದೊಡ್ಡವರಾದ ಪ್ರೊಫೆಸರರಿಗೂ ಅಕ್ಕನೇ.

ಪ್ರೊಫೆಸರರು ಹೆಸರು ಮಾಡಿದ್ದು ಕರೆಂಟು ಹಾಯಿಸುವ ಸಿಮೆಂಟಿನಿಂದ. ಕಾರ್ಬನ್ ನ್ಯಾನೊಟ್ಯೂಬ್ ಎಂಬ, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ನಳಿಕೆಗಳನ್ನು ಬೆರೆಸಿದರೆ ಸಿಮೆಂಟಿನೊಳಗೆ ಕರೆಂಟು ಓಡುತ್ತದೆ, ಸಿಮೆಂಟು ಬಿಸಿಯಾಗುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಇಳಿಜಾರಿಗೆ ಇದನ್ನು ಹಾಸಿದರೆ ಯಾರೂ ಜಾರಿ ಬೀಳುವುದಿಲ್ಲ. ಪ್ರಶ್ನೆ ಒಂದೇ: ಎಷ್ಟು ವರ್ಷ ಬಾಳುತ್ತದೆ?

ಅದನ್ನು ನೋಡಲೆಂದೇ ನೆಲಮಾಳಿಗೆಯಲ್ಲಿ ಮೂವತ್ತಾರು ತುಂಡುಗಳು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿ ಕೂತವು. ಪ್ರತಿಯೊಂದರಿಂದ ಎರಡು ತಾಮ್ರದ ಪಟ್ಟಿಗಳು ಹೊರಗೆ ಚಾಚಿದ್ದವು. ತಿಂಗಳ ಮೊದಲ ಸೋಮವಾರ ಅವುಗಳನ್ನು ಎತ್ತಿ, ಒರೆಸಿ, ಪಟ್ಟಿಗೆ ಮೀಟರಿನ ಕ್ಲಿಪ್ಪು ಕಚ್ಚಿಸಿ ಅಂಕಿ ಬರೆಯುವುದು ಅವಳ ಕೆಲಸ. ಅಂಕಿ ಏರಿದರೆ ಕರೆಂಟಿನ ದಾರಿ ಕೆಡುತ್ತಿದೆ ಎಂದರ್ಥ.

ಮೊದಲ ತಿಂಗಳಲ್ಲೇ ಅವಳು ಕೇಳಿದ್ದಳು. "ಸರ್, ಪಟ್ಟಿ ಕಿಲುಬು ಹಿಡೀತಿದೆ. ಉಜ್ಜಲಾ?"

ಪ್ರೊಫೆಸರರು ಫೋನಿನಲ್ಲಿದ್ದರು. ಅದಕ್ಕೆ ಕೈ ಅಡ್ಡ ಹಿಡಿದು, "ಉಜ್ಜಿ ಅಕ್ಕ, ಫಳಫಳ ಅಂತಿರ್ಲಿ. ಯಾರಾದ್ರೂ ನೋಡೋಕೆ ಬಂದ್ರೆ ನಮ್ಮ ಮರ್ಯಾದೆ ಹೋಗಬಾರದು" ಎಂದರು.

ಅಷ್ಟೇ. ಅದನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಅವಳು ಪ್ರತಿ ಸಲ ಸ್ಯಾಂಡ್ ಪೇಪರಿನಿಂದ ಪಟ್ಟಿ ಉಜ್ಜಿ, ಆಮೇಲೆ ಅಳೆದಳು. ಉಜ್ಜುವ ಮುಂಚಿನ ಅಂಕಿಯನ್ನು ಬರೆಯಲೇ ಇಲ್ಲ. ಕೊಳಕು ತುದಿಯ ಅಳತೆ ಅವಳ ಪಾಲಿಗೆ ಅಳತೆಯೇ ಅಲ್ಲ. ತಪ್ಪು ಇರುವುದು ಇಲ್ಲಿ, ಮತ್ತು ಅದು ಅವಳದೇ. ಶ್ರದ್ಧೆಯಿಂದ ಮಾಡಿದ್ದೆಂಬ ಕಾರಣಕ್ಕೆ ತಪ್ಪು ಸಣ್ಣದಾಗುವುದಿಲ್ಲ.

ಏಳು ವರ್ಷ ಅಂಕಿ ಅಲುಗಲಿಲ್ಲ. ಬಸ್ ಕಂಡಕ್ಟರಾಗಿ ನಿವೃತ್ತನಾಗಿದ್ದ ಗಂಡ ನಗುತ್ತಿದ್ದ. "ಏಳು ವರ್ಷದಿಂದ ಅದೇ ನಂಬರ್ ಬರೀತಿದೀಯ. ಒಂದ್ಸಲ ಬರೆದು ಜೆರಾಕ್ಸ್ ಹೊಡೆಸಬಾರದಾ?"

"ಮುಖ ನೋಡದೆ ಟಿಕೆಟ್ ಹರಿಯೋ ನಿಮ್ಮ ಕೆಲಸ ಅಲ್ಲ ರೀ ಇದು."

ಆ ಅಂಕಿಗಳನ್ನೇ ನಂಬಿ, ಉತ್ತರದ ಹಿಮ ಬೀಳುವ ಬೆಟ್ಟದೂರಿನ ಒಂದು ಆಸ್ಪತ್ರೆಯ ಬಾಗಿಲಿನ ಇಳಿಜಾರಿಗೆ ಆ ಸಿಮೆಂಟು ಹಾಸಿದರು. ಮೊದಲ ಚಳಿಗಾಲ ಬೆಚ್ಚಗಿತ್ತು. ಎರಡನೆಯದರಲ್ಲಿ ಸ್ವಿಚ್ ಹಾಕಿದರೂ ನೆಲ ತಣ್ಣಗೇ ಉಳಿಯಿತು. ಕಣ್ಣು ತೋರಿಸಲು ಬಂದ ಮುದುಕಿಯೊಬ್ಬಳು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಂಚನ್ನು ಅಗೆದು ನೋಡಿದರೆ, ವೈರು ತಾಮ್ರದ ಪಟ್ಟಿಗೆ ಸೇರುವ ಕಡೆಯಲ್ಲೆಲ್ಲ ಕರೆಂಟು ದಾಟದಷ್ಟು ಕಿಲುಬು ಕೂತಿತ್ತು. ಮಂಜು ಕರಗಿಸಲು ಚೆಲ್ಲುವ ಉಪ್ಪು ಅಲ್ಲಿಗೆ ಇಳಿದಿತ್ತು. ಕಾಲೇಜು ಸಮಿತಿ ನೇಮಿಸಿತು. ಸಮಿತಿ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: ಇಷ್ಟು ವರ್ಷ ಉಪ್ಪುನೀರಿನಲ್ಲಿದ್ದ ಪ್ರಯೋಗಾಲಯದ ತುಂಡುಗಳಲ್ಲಿ ಇದೇಕೆ ಕಾಣಲಿಲ್ಲ?

ಪ್ರೊಫೆಸರರು ಅವಳನ್ನು ಕರೆದರು.

"ನಾನು ಉಜ್ಜುತ್ತಿದ್ದೆ ಸರ್."

"ಉಜ್ಜೋದಾ? ಯಾರು ಹೇಳಿದ್ರು ನಿಮಗೆ?"

"ನೀವೇ. ಫಳಫಳ ಅಂತಿರ್ಲಿ ಅಂದ್ರಿ."

ಅವರು ನಿಜವಾಗಿ ಮರೆತಿದ್ದರೋ ಏನೋ. ಮರೆಯುವ ಸೌಕರ್ಯ ಇದ್ದದ್ದು ಅವರಿಗೆ ಮಾತ್ರ.

"ಅಕ್ಕ, ನನ್ನ ಗಮನಕ್ಕೆ ತರದೆ ಮಾಡಿದೆ ಅಂತ ಎರಡು ಸಾಲು ಬರೆದುಕೊಡಿ. ನಿಮಗೆ ಏನೂ ಆಗದ ಹಾಗೆ ನೋಡ್ಕೋತೀನಿ."

"ಮಾಡಿದ್ದನ್ನ ಬರೀತೀನಿ. ಮಾಡದೇ ಇರೋದನ್ನ ಬರೆಯಲ್ಲ. ಸರ್, ಸಿಮೆಂಟು ಕೆಟ್ಟಿಲ್ಲ ಅನ್ಸುತ್ತೆ. ಕೆಟ್ಟಿರೋದು ತಾಮ್ರದ ತುದಿ. ಐದಾರು ತಿಂಗಳು ಉಜ್ಜದೆ ಬಿಟ್ಟು, ಉಜ್ಜೋ ಮುಂಚೆ ಒಂದ್ಸಲ, ಉಜ್ಜಿ ಒಂದ್ಸಲ ಅಳೆದ್ರೆ ಗೊತ್ತಾಗುತ್ತೆ."

"ಈಗ ಅದಕ್ಕೆಲ್ಲ ಪುರುಸೊತ್ತಿಲ್ಲ."

ಅವಳು ಸಮಿತಿಗೆ ಮೂರು ವಾಕ್ಯ ಬರೆದಳು. ಪ್ರತಿ ತಿಂಗಳು ಪಟ್ಟಿಗಳನ್ನು ಉಜ್ಜಿದ ಮೇಲೆ ಅಳೆದಿದ್ದೇನೆ. ಪ್ರೊಫೆಸರರನ್ನು ಕೇಳಿಯೇ ಹಾಗೆ ಮಾಡಿದ್ದೇನೆ. ತುಂಡುಗಳನ್ನು ಎಸೆಯದೆ ಇನ್ನೊಮ್ಮೆ ಪರೀಕ್ಷಿಸಬೇಕೆಂದು ಕೋರುತ್ತೇನೆ.

ವರದಿ ಬರಲು ಐದು ತಿಂಗಳು ಹಿಡಿಯಿತು. ಅಷ್ಟು ದಿನ ಅವಳು ಪಟ್ಟಿಗಳನ್ನು ಮುಟ್ಟಲಿಲ್ಲ. ಕಿಲುಬು ಬೆಳೆಯುವುದನ್ನು ಹಲ್ಲು ಕಚ್ಚಿ ನೋಡಿದಳು. ವರದಿಯಲ್ಲಿ ಅವಳ ಮೂರು ವಾಕ್ಯಗಳಲ್ಲಿ ಮೊದಲನೆಯದು ಮಾತ್ರ ಇತ್ತು, ಅದರ ಕೆಳಗೆ ಸಮಿತಿಯ ತೀರ್ಮಾನ: ಸಹಾಯಕಿಯ ಅನಧಿಕೃತ ಹಸ್ತಕ್ಷೇಪದಿಂದ ದಾಖಲೆಗಳು ನಂಬಲರ್ಹವಲ್ಲ. ಈ ಸಿಮೆಂಟು ಬಾಳಿಕೆ ಬರುವುದಿಲ್ಲ. ತುಂಡುಗಳನ್ನು ವಿಲೇವಾರಿ ಮಾಡತಕ್ಕದ್ದು.

ಓದಿ ಮುಗಿಸಿ ಅವಳು ನೆಲಮಾಳಿಗೆಗೆ ಇಳಿದಳು. ಮೂವತ್ತಾರನ್ನೂ ಅಳೆದಳು. ಎಲ್ಲ ಒಂಬೈನೂರು ಓಮ್ ಆಸುಪಾಸು. ಪಟ್ಟಿ ಉಜ್ಜಿ ಮತ್ತೆ ಅಳೆದಳು. ನಲವತ್ತೆರಡು, ನಲವತ್ನಾಲ್ಕು, ನಲವತ್ತೊಂದು. ಅಚ್ಚಿನಿಂದ ತೆಗೆದ ದಿನದ ಅಂಕಿಗಳೇ. ಉಜ್ಜುವ ಮುಂಚಿನದು, ಉಜ್ಜಿದ ಮೇಲಿನದು ಎಂದು ಎರಡು ಸಾಲಿನಲ್ಲಿ ಬರೆದು ಪ್ರೊಫೆಸರರ ಮೇಜಿನ ಮೇಲಿಟ್ಟಳು.

ಅವರಿಗೆ ಅರ್ಥವಾಗಲು ಅರೆಗಳಿಗೆಯೂ ಬೇಕಾಗಲಿಲ್ಲ. ಹಾಳೆಯನ್ನು ಎರಡು ಸಲ ಓದಿದರು.

"ಅಳೆದವರು ಯಾರು?"

"ನಾನೇ."

"ಅದೇ ಅಲ್ವಾ ತೊಂದರೆ? ನಿಮ್ಮ ಅಳತೆ ನಂಬೋ ಹಾಗಿಲ್ಲ ಅಂತ ಸಮಿತಿನೇ ಬರೆದಿದೆ."

"ನೀವೇ ಬಂದು ಅಳೀರಿ ಸರ್. ಹತ್ತು ನಿಮಿಷದ ಕೆಲಸ."

ಅವರು ಹಾಳೆಯನ್ನು ಮಡಿಚಿ ಅವಳ ಕೈಗೆ ಕೊಟ್ಟರು. "ಗಾಡಿ ಬಂದಿದೆ ಅಕ್ಕ. ತುಂಬಿಸಿಬಿಡಿ."

ಕಾಲೇಜಿನ ಹಿಂದೆ, ಹಳೆಯ ಕಾಂಕ್ರೀಟನ್ನು ಪುಡಿಮಾಡಿ ಜಲ್ಲಿ ಮಾಡುವ ಯಂತ್ರವಿತ್ತು. ತುಂಡುಗಳನ್ನು ಅವಳೇ ಒಂದೊಂದಾಗಿ ಅದರ ಬಾಯಿಗೆ ಕೊಟ್ಟಳು. ಐದನೆಯದಕ್ಕೇ ಯಂತ್ರ ಮುಕ್ಕರಿಸಿ ನಿಂತಿತು. ಆಪರೇಟರ್ ಬೈದುಕೊಂಡು ಕೆಳಗಿಳಿದ.

"ಏನಕ್ಕ ಇದು, ಈ ಪಾಟಿ ಗಟ್ಟಿ! ಕೆಟ್ಟುಹೋಗಿರೋ ಮಾಲು ಅಂದ್ರಲ್ಲ?"

"ಹಾಗಂತ ಬರೆದಿದ್ದಾರೆ" ಎಂದು ಅವಳು ಆರನೆಯದನ್ನು ಎತ್ತಿಕೊಂಡಳು.