ಸ್ಯಾಟಿನ್ ಬೇಡ ಎಂದಿದ್ದರು ಬಷೀರಮ್ಮ

ಬೀರೂರಿನಲ್ಲಿ ತಲೆಗೆ ಕಟ್ಟುವ ಸ್ಕಾರ್ಫ್ ಬೇಕಾದವರು ಹೋಗುವುದು ಬಷೀರುನ್ನೀಸಾ ಅವರ ಮನೆಗೆ. ಬೋರ್ಡೇನೂ ಇಲ್ಲ. ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಮಿಷನ್ನು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಕೂರಲು ಚಾಪೆ. ನಾವೆಲ್ಲ ಅವರನ್ನು ಬಷೀರಮ್ಮ ಎನ್ನುತ್ತೇವೆ. ಗಂಡ ಮಹಬೂಬ್ ಸಾಬ್ ಬಟ್ಟೆಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದವರು. ಅವರು ತೀರಿಕೊಂಡ ಮೇಲೆ ಉಳಿದ ಗಂಟನ್ನು ಬಿಚ್ಚಿಕೊಂಡು ಬಷೀರಮ್ಮ ಮನೆಯಲ್ಲೇ ಹೊಲಿಯಲು ಕೂತರು. ಹದಿನೆಂಟು ವರ್ಷವಾಯಿತು. ಬಟ್ಟೆಯ ವಿಷಯದಲ್ಲಿ ಅವರಿಗೆ ತಿಳಿಯದ್ದಿಲ್ಲ, ಆದರೆ ಗಿರಾಕಿಯೊಡನೆ ವಾದ ಮಾಡಲು ಬರುವುದಿಲ್ಲ. ಒಂದು ಸಲ ಹೇಳು, ಕೇಳದಿದ್ದರೆ ಅವರು ಕೇಳಿದ್ದನ್ನೇ ಕತ್ತರಿಸಿಕೊಡು ಎಂದು ಗಂಡ ಕಲಿಸಿದ್ದರು. ಆ ಒಳ್ಳೆಯತನದ ಮೇಲೆ ನನಗೆ ಈಗಲೂ ಸಿಟ್ಟಿದೆ. ನನ್ನ ಮೇಲೆ ಇರುವಷ್ಟಲ್ಲ, ಬಿಡಿ.

ಕಳೆದ ವರ್ಷ, ನಮ್ಮ ಜೊತೆ ಒಂದೇ ಮನೆಯಲ್ಲಿರುವ ನನ್ನ ಓರಗಿತ್ತಿ ಮಾಲಿನಿಯನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಅವಳಿಗೆ ಎದೆಯ ಕ್ಯಾನ್ಸರ್. ಶಿವಮೊಗ್ಗದಲ್ಲಿ ಕೀಮೋ ನಡೆಯುತ್ತಿತ್ತು. ತಲೆಯಲ್ಲಿ ಒಂದೆಳೆ ಕೂದಲೂ ಉಳಿದಿರಲಿಲ್ಲ. ವಿಗ್ ಹಾಕಿದರೆ ನೆತ್ತಿ ಉರಿಯುತ್ತಿತ್ತು. ಮುಂದಿನ ಭಾನುವಾರ ಅಜ್ಜಂಪುರದಲ್ಲಿ, ಗಂಡಿನವರ ಮನೆಯಲ್ಲಿ, ಅವಳ ಮಗಳು ಧನ್ಯಶ್ರೀಯ ನಿಶ್ಚಿತಾರ್ಥ. ಕಾಯಿಲೆಯ ವಿಚಾರ ಬೀಗರಿಗೆ ಗೊತ್ತಿತ್ತು. ಮಾಲಿನಿಗಿದ್ದದ್ದು ಬೇರೆಯೇ ಭಯ.

"ಗಂಡ ಇರೋಳು ನಾನು. ಬೋಳು ತಲೇನ ಅಷ್ಟು ಜನ ನೋಡ್ಬಾರ್ದು ಅಕ್ಕ," ಎಂದಿದ್ದಳು.

ಬಷೀರಮ್ಮ ಅವಳ ಸೆರಗು ಸರಿಸಿ ನೆತ್ತಿಯ ಮೇಲೆ ಅಂಗೈಯಿಟ್ಟು ನೋಡಿದರು. ಆಮೇಲೆ ಮಲ್ ಹತ್ತಿ, ಜಾರ್ಜೆಟ್, ಸ್ಯಾಟಿನ್ ಮೂರನ್ನೂ ಹರಡಿದರು. ಜಾರ್ಜೆಟ್ ಚರ್ಮಕ್ಕೆ ಒರಟು ಎಂದು ತಾವೇ ಪಕ್ಕಕ್ಕಿಟ್ಟರು. ಮಲ್ ತೆಳ್ಳಗೆ, ಮೆತ್ತಗೆ, ನೋಡಲು ಸಪ್ಪೆ. ಸ್ಯಾಟಿನ್ ಮಾತ್ರ ಮಾಲಿನಿಯ ರೇಷ್ಮೆ ಸೀರೆಯ ಅಂಚಿನದೇ ನೇರಳೆ ಬಣ್ಣ, ಫಳಫಳ ಎನ್ನುತ್ತಿತ್ತು.

"ಮಲ್ ತಗೊಳ್ಳಮ್ಮ. ಕೂದ್ಲಿದ್ರೆ ಯಾವ್ ಬಟ್ಟೆ ಆದ್ರೂ ನಿಲ್ತದೆ. ಇಲ್ದಿದ್ರೆ ಮಲ್ಲೇ ಹಿಡ್ಕಳದು. ಸ್ಯಾಟಿನ್ ಬ್ಯಾಡ, ಜಾರ್ತದೆ," ಎಂದರು.

ಮಾಲಿನಿ ಆಗಲೇ ಮಲ್ ಕಡೆ ಕೈ ಚಾಚಿದ್ದಳು. ನಾನು ಬಿಡಬೇಕಲ್ಲ.

"ಗಾಯಕ್ಕೆ ಪಟ್ಟಿ ಕಟ್ಟಿದಂಗೆ ಕಾಣ್ತದೆ ಕಣೇ. ಬೀಗರ ಮುಂದೆ ರೋಗಿಷ್ಟೆ ಥರ ಕೂತ್ಕತೀಯಾ? ಎರಡು ಪಿನ್ ಹಾಕಿದ್ರೆ ಎಲ್ಲೋಗ್ತದೆ?"

ಬಷೀರಮ್ಮ ಇನ್ನೊಂದು ಮಾತಾಡದೆ ಸ್ಯಾಟಿನ್ ಕತ್ತರಿಸಿದರು.

ಅಜ್ಜಂಪುರದಲ್ಲಿ ಉಂಗುರ ಬದಲಾಯಿಸುವ ತನಕ ಎಲ್ಲ ಚೆನ್ನಾಗಿಯೇ ನಡೆಯಿತು. ಎಷ್ಟೋ ತಿಂಗಳ ಮೇಲೆ ಮಾಲಿನಿ ನಗುತ್ತಿದ್ದಳು. ಆಮೇಲೆ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟು ಹೂ ಮುಡಿಸಲು ಗಂಡಿನ ಅಜ್ಜಿ ಕಮಲಾಕ್ಷಮ್ಮ ಸಾಲಾಗಿ ಬಂದರು. ಸೀರೆ ಅಂಚಿಗೆ ಬಣ್ಣ ಹೊಂದಿಸಿದ ನನಗೆ ಈ ಹೂವಿನ ಯೋಚನೆಯೇ ಬಂದಿರಲಿಲ್ಲ.

"ಕೈಗೇ ಕೊಡಿ ಅಜ್ಜಿ," ಎಂದು ಮಾಲಿನಿ ಅಂಗೈ ಒಡ್ಡಿದಳು.

"ಮುತ್ತೈದೆಗೆ ಯಾರಾರ ಹೂವ ಕೈಗೆ ಕೊಡ್ತಾರೇನವ್ವ? ಬಟ್ಟೆಗೇ ಸಿಗಸ್ತೀನಿ, ತಿರುಗು," ಎಂದರು ಅಜ್ಜಿ. ಅದು ಪ್ರೀತಿಯ ಮಾತೇ.

ಮೊಳ ಮಲ್ಲಿಗೆಯನ್ನು ಹೇರ್‌ಪಿನ್ನಿನಿಂದ ಸ್ಯಾಟಿನ್‌ಗೆ ಒತ್ತಿ ಸಿಕ್ಕಿಸಿದರು. ಒಳಗೆ ಹಿಡಿಯಲು ಏನಿತ್ತು? ಕೈ ಹಿಂದಕ್ಕೆ ತೆಗೆಯುವಾಗ ಹೂವಿನ ಜೊತೆ ಸ್ಕಾರ್ಫೂ ಅಜ್ಜಿಯ ಕೈಗೆ ಬಂತು. ಹಜಾರದ ತುಂಬ ಜನ. ಅಜ್ಜಿ ಅದನ್ನು ಹಿಡಿದುಕೊಂಡೇ ಅಳತೊಡಗಿದರು. ಮಾಲಿನಿ ಅಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೀರೂರು ತಲುಪುವವರೆಗೆ ಅದನ್ನು ಗಲ್ಲದ ಕೆಳಗೆ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ನಾನು ಹೋಗಿ ಬಷೀರಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವರು ಮಿಷನ್ನು ಬಿಟ್ಟು ಎದ್ದು ಬಂದು ಚಾಪೆಯ ಮೇಲೆ ನನ್ನ ಪಕ್ಕ ಕೂತರು.

"ಇನ್ನೊಂದ್ಸಲ ಹೇಳ್ಬೇಕಿತ್ತು ನಾನು. ನೀವು ಮುನಿಸ್ಕಂತೀರಿ ಅಂತ ಸುಮ್ನಾದೆ," ಎಂದು ಕಣ್ಣೊರೆಸಿಕೊಂಡರು.

ಕರೆಯದೆ ಗಿರಾಕಿಯ ಮನೆಗೆ ಹೋಗದ ಹೆಂಗಸು, ಮೂರನೆಯ ದಿನ ನಮ್ಮ ಮನೆ ಬಾಗಿಲಿಗೆ ಬಂದರು. ಮಲ್ ಬಟ್ಟೆಗೆ ನೇರಳೆ ಬಣ್ಣ ಹಾಕಿಸಿ, ಹಿಂದೆ ಹೂ ಸಿಕ್ಕಿಸಲು ಒಂದು ಸಣ್ಣ ಕುಣಿಕೆಯನ್ನೂ ಹೊಲಿದಿದ್ದರು. ತಾವೇ ಕಟ್ಟಿದರು. ಮಾಲಿನಿ ತಲೆ ಅಲ್ಲಾಡಿಸಿ ನೋಡಿದಳು. ಬಟ್ಟೆ ಕದಲಲಿಲ್ಲ.

"ಚೆನ್ನಾಗೈತೆ ಅಮ್ಮ. ಮನೇಲಿ ಹಾಕ್ಕತೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಮದುವೆಗೆ ನಾನು ಬರಲ್ಲ ಅಕ್ಕ. ಧಾರೆಗೆ ನೀವೂ ಭಾವನೂ ಕೂತ್ಕಳಿ," ಎಂದಳು.

ಬೇಡಿಕೊಂಡೆವು. ಅವಳ ಗಂಡ ಪರಮೇಶ್ ಬೇಡಿಕೊಂಡ, ಮಗಳು ಕಾಲು ಹಿಡಿದಳು. ಅವಳು ಬದಲಾಗಲಿಲ್ಲ.

ತರೀಕೆರೆಯ ಕಲ್ಯಾಣ ಮಂಟಪದಲ್ಲಿ ನಾನೂ ನನ್ನ ಗಂಡನೂ ಧಾರೆ ಎರೆದೆವು. ಪರಮೇಶ್ ಕಂಬದ ಪಕ್ಕ ನಿಂತಿದ್ದ. ನನ್ನ ಕೈಯಿಂದ ನೀರು ಬೀಳುವಾಗ ಧನ್ಯಶ್ರೀ ನನ್ನ ಮುಖ ನೋಡಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದಳು. ಆ ಹೊತ್ತಿಗೆ ಬೀರೂರಿನ ಮನೆಯಲ್ಲಿ ಅವಳ ತಾಯಿಯ ಜೊತೆ ಇದ್ದವರು ಬಷೀರಮ್ಮ ಒಬ್ಬರೇ. ಮುಹೂರ್ತದ ಗಳಿಗೆಯಲ್ಲಿ ಮಾಲಿನಿ ಅವರ ಕೈ ಹಿಡಿದುಕೊಂಡು, ಗಟ್ಟಿಮೇಳ ಶುರುವಾಗಿರಬಹುದಾ ಅಮ್ಮ ಎಂದು ಕೇಳಿದಳಂತೆ.